ನೂರ ಎಂಬತ್ತಾರು ನಮಸ್ತೆಗಳು

ಅವತ್ತು ಶನಿವಾರ. ಎಂದಿನಂತೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ರಂಗೋಲಿ ಮುಗಿಸಿ ಒಲೆಯ ಒಂದು ಕಡೆ ಕಾಫಿಗೆ ನೀರು, ಇನ್ನೊಂದು ಕಡೆ ಇಡ್ಲಿ ಪಾತ್ರೆ ಇಟ್ಟೆ. ಇಡ್ಲಿ ಬೇಯುವಷ್ಟರಲ್ಲಿ ಹಿತ್ತಿಲಿನ ತಂತಿಯ ಮೇಲೆ ರೇಷ್ಮೆ ಸೀರೆಯನ್ನು ಗಾಳಿಗೆ ಹರವಿದೆ. ಪೆಟ್ಟಿಗೆಯೊಳಗಿನ ನುಸಿಗುಳಿಗೆಯ ವಾಸನೆ ಸ್ವಲ್ಪವಾದರೂ ಹೋಗಲಿ ಎಂದು.

ಪಕ್ಕದ ಮನೆಯ ಚಿಕ್ಕತಾಯಮ್ಮ ದಿನದಂತೆ ಕಾಂಪೌಂಡಿನ ಮೇಲಿಂದ ಹಾಲಿನ ಚೊಂಬು ಚಾಚಿದರು. ಅವರದು ಪಿರಿಯಾಪಟ್ಟಣದ ಕಡೆಯ ಹಳ್ಳಿ. ಎರಡು ಹಸು ಕಟ್ಟಿಕೊಂಡು ನಮ್ಮ ಬೀದಿಗೆಲ್ಲ ಹಾಲು ಕೊಡುತ್ತಾರೆ.

"ಏನವ್ವಾ, ರೇಸ್ಮೆ ಸೀರೆ ಈಚಿಗ್ ಬಂದದೆ? ಯಾರ್ದ್ ಮದ್ವೆ?"

"ಮದುವೆ ಅಲ್ಲ ಚಿಕ್ಕತಾಯಮ್ಮ. ಸ್ಕೂಲಿಗೆ ಹೋಗ್ತಿದ್ದೀನಿ."

"ಈ ವಯಸ್ನಲ್ಲಾ!" ಎಂದು ಅವರು ಒಳಗೆ ಹೋದರು.

ನಾನು ನಕ್ಕೆ. ಆ ಬೆಳಿಗ್ಗೆ ನನಗೆ ಎಲ್ಲದಕ್ಕೂ ನಗು ಬರುತ್ತಿತ್ತು. ಇಡ್ಲಿ ಉಬ್ಬಿತ್ತು, ಕಾಫಿ ಹದವಾಗಿತ್ತು, ಮತ್ತು ನಾನು ಒಂದು ವೆಬ್‌ಸೈಟ್ ಮಾಡಿದ್ದೆ. ಹುಣಸೂರಿನಲ್ಲಿ ಅವತ್ತಿಗೆ ವೆಬ್‌ಸೈಟ್ ಮಾಡಿದ ಗೃಹಿಣಿ ಬಹುಶಃ ನಾನೊಬ್ಬಳೇ. ಸಂಜೆಯ ಹೊತ್ತಿಗೆ ಆ ಸಂಖ್ಯೆ ಒಂದೇ ಆಗಿದ್ದದ್ದು ಊರಿನ ಪುಣ್ಯ ಎಂದು ಗೊತ್ತಾಯಿತು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಸಿಸಿಲಿಯಾ ಎಂಬವರು ಮೂವತ್ತೆಂಟು ವರ್ಷ ಇಂಗ್ಲಿಷ್, ಹೊಲಿಗೆ ಮತ್ತು ನಡತೆ ಕಲಿಸಿದರು. ಈಗ ವಯಸ್ಸಾಗಿ, ಕಾಡಿನಾಚೆ ಕೇರಳದಲ್ಲಿರುವ ಅವರ ಮಠದ ವಿಶ್ರಾಂತಿಗೃಹಕ್ಕೆ ಹೊರಟಿದ್ದರು. ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ ಬೀಳ್ಕೊಡುಗೆ ಮಾಡುವುದೆಂದಾಯಿತು. ಏನು ಉಡುಗೊರೆ? ಬೆಳ್ಳಿ ದೀಪ ಎಂದರೊಬ್ಬರು. ಶಾಲು ಎಂದರೊಬ್ಬರು.

"ಕೊಟ್ಟು ಏನ್ ಪ್ರಯೋಜನ? ಮಾರನೇ ದಿನ ಇನ್ಯಾರಿಗೋ ಕೊಟ್ಟುಬಿಡ್ತಾರೆ" ಎಂದಳು ಲಲಿತಾ. ಅದು ನಿಜ. ಸಿಸ್ಟರ್ ಕೈಯಲ್ಲಿ ಯಾವುದೂ ನಿಲ್ಲುವುದಿಲ್ಲ.

ಆಗ ನಾನು ಎದ್ದು ನಿಂತೆ. ಶಾಲೆಯ ಹತ್ತು ವರ್ಷದಲ್ಲಿ ನಾನಾಗಿ ಎದ್ದು ನಿಂತವಳೇ ಅಲ್ಲ. "ಒಂದು ವೆಬ್‌ಸೈಟ್ ಮಾಡಿಕೊಡೋಣ. ಅವರ ಮಕ್ಕಳೆಲ್ಲ ಒಂದೇ ಪುಟದಲ್ಲಿ. ಅದನ್ನು ಯಾರಿಗೂ ಕೊಟ್ಟುಬಿಡೋಕೆ ಆಗಲ್ಲ."

ಎಲ್ಲರೂ ನನ್ನ ಕಡೆ ಗೌರವದಿಂದ ನೋಡಿದರು. ನನ್ನನ್ನು ಹಾಳು ಮಾಡಿದ್ದು ಆ ಗೌರವವೇ!

ಆಗ ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಸ್ಟೋರಿನ ಮೇಲಿದ್ದ ಕಂಪ್ಯೂಟರ್ ಸೆಂಟರಿಗೆ ಐದು ತಿಂಗಳಿಂದ ಹೋಗುತ್ತಿದ್ದೆ. ತರಗತಿಯಲ್ಲಿ ಉಳಿದವರಿಗೆಲ್ಲ ಹದಿನೆಂಟು, ನನಗೊಬ್ಬಳಿಗೇ ನಲವತ್ತೊಂದು. ಕಲಿಸುತ್ತಿದ್ದ ಸುಧಾ ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಅವಳು ನನ್ನನ್ನು ಆಂಟಿ ಎನ್ನುತ್ತಿದ್ದಳು, ನಾನು ಅವಳನ್ನು ಮಿಸ್ ಎನ್ನುತ್ತಿದ್ದೆ. ಇಬ್ಬರಿಗೂ ಸ್ವಲ್ಪ ಮುಜುಗರವಾಗುತ್ತಿತ್ತು.

ಸುಧಾ ನನಗೆ ತಿಳಿಯುವ ಭಾಷೆಯಲ್ಲಿಯೇ ಹೇಳಿಕೊಟ್ಟಿದ್ದಳು.

"ನೋಡಿ ಆಂಟಿ, ಸರ್ವರ್ ಅಂದ್ರೆ ಅಡುಗೆಮನೆ. ಅದು ಎಲ್ಲೋ ದೂರದಲ್ಲಿರುತ್ತೆ. ಟೆಂಪ್ಲೇಟ್ ಅಂದ್ರೆ ಎಲೆ. ಒಂದೇ ಎಲೆ ಮಾಡಿಟ್ರೆ ಸಾಕು, ಅಡುಗೆಮನೆಯವರು ಅದೇ ಥರದ್ದು ಎಷ್ಟು ಬೇಕಾದ್ರೂ ಹಾಕಿ, ಅವರವರ ಫೋಟೋ, ಅವರವರ ಹೆಸರು ಬಡಿಸಿ ಕಳಿಸ್ತಾರೆ. ಸ್ಕ್ರಿಪ್ಟ್ ಅಂದ್ರೆ ಎಲೆ ಮುಂದೆ ಬಂದ ಮೇಲೆ ನಡೆಯೋ ಕೆಲಸ. ಊಟಕ್ಕೆ ಕೂತವರ ಕಂಪ್ಯೂಟರಲ್ಲಿ ನಡೆಯುತ್ತೆ. ಅದನ್ನ ಎಲೆ ಒಳಗೆ ಸುತ್ತಿ ಕಳಿಸ್ಬೇಡಿ. ಬೇರೆ ಫೈಲಲ್ಲಿ ಒಂದೇ ಒಂದು ಸಲ ಬರೆದಿಡಿ. ಎಲ್ಲಾ ಎಲೆಗೂ ಅದೇ ಸಾಕು."

ನನಗೆ ಪೂರ್ತಿ ಅರ್ಥವಾಯಿತು. ಅರ್ಥವಾದದ್ದರಿಂದಲೇ ನಾನು ಒಪ್ಪಲಿಲ್ಲ.

ಏಕೆಂದರೆ ನನ್ನ ಯೋಜನೆ ಹೀಗಿತ್ತು. ಪುಟದಲ್ಲಿ ಹಳೆಯ ಹುಡುಗಿಯರ ಶಾಲಾ ದಿನಗಳ ಫೋಟೋ ಇರಬೇಕು. ಕೆಳಗೆ ಹೆಸರು ಇರಬಾರದು. ಹೆಸರು ಬರೆದುಬಿಟ್ಟರೆ ಗುರುತು ಹಿಡಿಯುವ ಸುಖವೆಲ್ಲಿ? ಸಿಸ್ಟರ್ ಒಂದು ಫೋಟೋದ ಮುಂದೆ ಬಂದಾಗ ಆ ಹುಡುಗಿ ತಾನೇ ಒಂದು ಪುಟ್ಟ ಪೆಟ್ಟಿಗೆಯಲ್ಲಿ, "ನಮಸ್ತೆ ಸಿಸ್ಟರ್, ನಾನು ಲಲಿತಾ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳಬೇಕು. ಕನ್ನಡದಲ್ಲಿ ಬರೆದರೆ ಆ ಪೆಟ್ಟಿಗೆ ಚೌಕ ಚೌಕಗಳನ್ನು ತೋರಿಸುತ್ತಿತ್ತು.

ಇಂಥ ನಮಸ್ತೆಯನ್ನು ಎಲ್ಲರಿಗೂ ಸೇರಿಸಿ ಎಲ್ಲೋ ಒಂದು ಕಡೆ ಒಂದೇ ಸಲ ಬರೆದಿಡುವುದೆಂದರೇನು? ಬಾಗಿಲಲ್ಲಿ ಕುಂಕುಮದ ಬಟ್ಟಲಿಟ್ಟು "ನೀವೇ ಇಟ್ಕೊಂಡು ಒಳಗೆ ಬನ್ನಿ" ಎಂದ ಹಾಗೆ! ನಮ್ಮ ಕಡೆ ಅದು ನಡೆಯುವುದಿಲ್ಲ. ಪ್ರತಿ ಮನೆಗೂ ಹೋಗಬೇಕು, ಪ್ರತಿ ಹಣೆಗೂ ಇಡಬೇಕು, ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು. ನನ್ನ ನಾದಿನಿಯ ಸೀಮಂತಕ್ಕೆ ದೊಡ್ಡತ್ತೆಯನ್ನು "ನೀವೆಲ್ಲ ಬನ್ನಿ" ಎಂದು ಮನೆಯವರ ಜೊತೆ ಒಟ್ಟಿಗೆ ಕರೆದದ್ದಕ್ಕೆ, ಅವರು ಹನ್ನೆರಡು ವರ್ಷ ನಮ್ಮ ಮನೆಯ ನೀರು ಮುಟ್ಟಲಿಲ್ಲ.

ಆದ್ದರಿಂದ ಸುಧಾ ಆ ಕಡೆ ತಿರುಗಿದಾಗ ನಾನು ಸ್ಕ್ರಿಪ್ಟನ್ನು ಟೆಂಪ್ಲೇಟಿನೊಳಗೇ ಬರೆದೆ. ಪ್ರತಿ ಎಲೆಗೂ ಅದರದೇ ಕುಂಕುಮ.

ಆಮೇಲೆ ಫೋಟೋ ಕೂಡಿಸುವ ಕೆಲಸ. ನಮ್ಮ ಯಜಮಾನರು ಪಶುವೈದ್ಯರು. ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಾರೆ. ಅಂತರಸಂತೆಯಲ್ಲಿ ಎಮ್ಮೆಗೆ ಚುಚ್ಚುಮದ್ದು ಕೊಟ್ಟು ಬರುವಾಗ ಮಾದೇವಿಯ ಫೋಟೋ ತಂದರು. ಬೈಲಕುಪ್ಪೆಯಿಂದ ಡೋಲ್ಮಾಳ ಫೋಟೋ ತಂದರು. ಒಂದೊಂದು ಫೋಟೋದ ಹಿಂದೆ ಸಗಣಿಯ ಬೆರಳಚ್ಚು ಇರುತ್ತಿತ್ತು. ನಾನು ಒರೆಸಿ, ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ಫ್ಲಾಪಿಗೆ ಹಾಕಿಸುತ್ತಿದ್ದೆ. ಕೊನೆಗೆ ನೂರ ಎಂಬತ್ತಾರು ಹುಡುಗಿಯರಾದರು.

ಇದಕ್ಕೆಲ್ಲ ಮೊದಲು ಪರೀಕ್ಷೆ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದೆ. ನನ್ನೊಬ್ಬಳ ಫೋಟೋ ಹಾಕಿ ಪುಟ ತೆರೆದೆ. ಪೆಟ್ಟಿಗೆ ಬಂತು, ನಮಸ್ತೆ ಹೇಳಿತು, ನನ್ನ ಹೆಸರು ಹೇಳಿತು, ಹೋಯಿತು. ಹಿಂದೆ ನನ್ನ ಫೋಟೋ ನಿಂತಿತ್ತು. ಎರಡು ಜಡೆ, ಇಸ್ತ್ರಿ ಮಾಡಿದ ರಿಬ್ಬನ್ನು. ನಮ್ಮವರನ್ನು ಸೆಂಟರಿಗೇ ಕರೆದು ತೋರಿಸಿದೆ.

"ಇದೇನೇ, ನೀನೊಬ್ಬಳೇ ಇದ್ದೀಯ?"

"ಪರೀಕ್ಷೆಗೆ ರೀ. ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಹಿಸುಕಿದ್ರೆ ಸಾಲದಾ?"

ಆ ಒಂದಗುಳು ಚೆನ್ನಾಗಿಯೇ ಬೆಂದಿತ್ತು.

ಶುಕ್ರವಾರ ಮಧ್ಯಾಹ್ನ ನೂರ ಎಂಬತ್ತಾರು ಜನರನ್ನೂ ಒಟ್ಟಿಗೆ ಸರ್ವರಿಗೆ ಏರಿಸಿದೆ. ಸುಧಾ ಅವತ್ತು ಇರಲಿಲ್ಲ. ಅವಳ ಚಿಕ್ಕಪ್ಪನ ಮಗಳ ಮದುವೆಗೆಂದು ಊರಿನಲ್ಲೇ ಉಳಿದಿದ್ದಳು. ಟೆಲಿಫೋನ್ ತಂತಿಯಲ್ಲಿ ಫೋಟೋಗಳು ಒಂದೊಂದಾಗಿ ತೆವಳಿ ಹೋಗಲು ಮೂರು ಗಂಟೆ ಹಿಡಿಯಿತು. ಎಲ್ಲ ಮುಗಿಯಿತೆಂದು ಕಂಪ್ಯೂಟರ್ ಹೇಳಿತು. ಒಂದು ಸಲ ತೆರೆದು ನೋಡೋಣವೆಂದು ಕೈ ಹೋಯಿತು. ಹಿಂದೆ ತೆಗೆದುಕೊಂಡೆ. ನೈವೇದ್ಯಕ್ಕೆ ಮೊದಲು ರುಚಿ ನೋಡುವುದುಂಟೇ? ಅಗುಳು ಹಿಸುಕಬಹುದು, ಬಾಯಿಗೆ ಹಾಕಬಾರದು. ಸಿಸ್ಟರ್ ನೋಡಿದ ಮೇಲೆಯೇ ನಾನು ನೋಡುವುದು ಎಂದು ಕಂಪ್ಯೂಟರಿಗೆ ಕೈಮುಗಿದು ಮನೆಗೆ ಬಂದೆ.

ಶನಿವಾರ ಎರಡೂಕಾಲಿಗೆ ಸಿಸ್ಟರನ್ನು ಶಾಲೆಯ ಕಂಪ್ಯೂಟರ್ ಕೋಣೆಗೆ ಕರೆತಂದೆವು. ಅಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದರ ಮೇಲೆ ಹೊದಿಸಿದ್ದ ಬಟ್ಟೆಗೆ ಅಂಚಿನಲ್ಲಿ ಸರಪಳಿ ಹೊಲಿಗೆ. ಅದು ಸಿಸ್ಟರೇ ಹಾಕಿಸಿದ್ದು. ಸುಮಾರು ಮೂವತ್ತು ಜನ ಹಳೆಯ ಹುಡುಗಿಯರು ಸೀರೆ ಸರಸರ ಅನ್ನಿಸುತ್ತ ಸುತ್ತ ನಿಂತೆವು. ಉಳಿದವರು ಹಾಲಿನಲ್ಲಿ ಮಕ್ಕಳ ನೃತ್ಯ ನೋಡುತ್ತಿದ್ದರು. ಮೂರೂವರೆಗೆ ವ್ಯಾನು. ಕತ್ತಲಾದ ಮೇಲೆ ಆನೆ ದಾಟುವ ದಾರಿಯಲ್ಲಿ ಬರುವುದಿಲ್ಲ ಎಂದು ಡ್ರೈವರು ಬೆಳಿಗ್ಗೆಯೇ ಖಂಡಿತವಾಗಿ ಹೇಳಿಬಿಟ್ಟಿದ್ದ. ಅವರು ಹೋಗುತ್ತಿದ್ದ ಕಡೆ ಕಂಪ್ಯೂಟರ್ ಇರಲಿಲ್ಲ. ಸಿಸ್ಟರ್ ತಮ್ಮ ಮಕ್ಕಳನ್ನೆಲ್ಲ ನೋಡುವುದಿದ್ದರೆ ಈ ಒಂದೂಕಾಲು ಗಂಟೆಯಲ್ಲಿಯೇ ನೋಡಬೇಕು.

"ಒಂದು ಸಲ ಇಲ್ಲಿ ಒತ್ತಿ ಸಿಸ್ಟರ್" ಎಂದೆ.

ಸಿಸ್ಟರ್ ಒತ್ತಿದರು. ಪೆಟ್ಟಿಗೆ ಬಂತು. "ನಮಸ್ತೆ ಸಿಸ್ಟರ್, ನಾನು ಅನಸೂಯಾ."

ಚಪ್ಪಾಳೆ! ನನ್ನ ಪಕ್ಕದಲ್ಲಿದ್ದ ಅನಸೂಯಾ ಕಣ್ಣೊರೆಸಿಕೊಂಡಳು. ಸಿಸ್ಟರ್ ಪರದೆಗೆ ಕೈಮುಗಿದು, "ನಮಸ್ತೆ ಅನಸೂಯಾ. ದೇವರು ಒಳ್ಳೇದು ಮಾಡಲಿ" ಎಂದು ಓಕೆ ಒತ್ತಿದರು.

"ನಮಸ್ತೆ ಸಿಸ್ಟರ್, ನಾನು ಅನಿತಾ."

ಮತ್ತೆ ಚಪ್ಪಾಳೆ. ನಾನು ಮಾತ್ರ ಪರದೆಯ ಹತ್ತಿರ ಬಾಗಿದೆ. ಫೋಟೋಗಳು ಎಲ್ಲಿ? ಪೆಟ್ಟಿಗೆಯ ಹಿಂದೆ ಬರೀ ಬಿಳಿ.

"ನಮಸ್ತೆ ಸಿಸ್ಟರ್, ನಾನು ಅನ್ನಮ್ಮ." "ನಮಸ್ತೆ ಸಿಸ್ಟರ್, ನಾನು ಅಂಬುಜಾ." "ನಮಸ್ತೆ ಸಿಸ್ಟರ್..."

ಎಂಟನೆಯ ನಮಸ್ತೆಗೆ ಚಪ್ಪಾಳೆ ನಿಂತಿತು. ಹನ್ನೆರಡನೆಯದಕ್ಕೆ ಜನ ನನ್ನ ಮುಖ ನೋಡಲು ಶುರು ಮಾಡಿದರು. ನನಗೆ ಆಗ ತಿಳಿಯಿತು. ಸಿಸ್ಟರ್ ಒಬ್ಬೊಬ್ಬರ ಫೋಟೋದ ಮುಂದೆ ಬರುವ ತನಕ ಹುಡುಗಿಯರು ಬಾಯಿ ಮುಚ್ಚಿಕೊಂಡು ಕಾಯುತ್ತಾರೆ ಎಂದು ನಾನು ನಂಬಿದ್ದೆ. ಮನುಷ್ಯರಾದರೆ ಕಾಯುತ್ತಾರೆ. ಸ್ಕ್ರಿಪ್ಟಿಗೆ ಅಂಥ ಸಂಕೋಚವಿಲ್ಲ. ಎಲೆ ಬಿದ್ದ ಕ್ಷಣವೇ ಅದು ಮಾತಾಡುತ್ತದೆ. ಒಂದೇ ಎಲೆಯಿದ್ದಾಗ ಒಂದು ನಮಸ್ತೆ. ನೂರ ಎಂಬತ್ತಾರು ಎಲೆಗೆ ನೂರ ಎಂಬತ್ತಾರು! ಎಲ್ಲರ ನಮಸ್ತೆಗೂ ಓಕೆ ಒತ್ತಿ ಮುಗಿಸುವ ತನಕ ಒಂದು ಫೋಟೋವೂ ಕಾಣುವುದಿಲ್ಲ. ಪುಟ ಮುಚ್ಚೋಣವೆಂದರೆ, ಪೆಟ್ಟಿಗೆ ಎದುರಿಗಿರುವ ತನಕ ಅದೂ ಆಗುವುದಿಲ್ಲ.

ಜೊತೆಗೆ ಬಂದಿದ್ದ ನಮ್ಮವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಏನೇ ಇದು?"

"ಪ್ರತಿಯೊಬ್ಬರೂ ಹೇಳ್ತಾರೆ ಅನ್ಸುತ್ತೆ ರೀ."

"ಒಂದು ಹಸುವಿಗೆ ಸೂಜಿ ಚುಚ್ಚಿ ನೋಡಿ, ಇಡೀ ತಾಲ್ಲೂಕಿಗೆ ಔಷಧಿ ಬರೆದುಕೊಟ್ಟೆಯಾ?"

ಅವರು ಮುಂದೆ ಬಾಗಿ ವಿನಯದಿಂದ ಹೇಳಿದರು. "ಸಿಸ್ಟರ್, ಎಂಟರ್ ಗುಂಡಿ ಒತ್ತಿ ಹಿಡ್ಕೊಂಡ್ರೆ ಎಲ್ಲಾ ಬೇಗ ಓಡಿಹೋಗ್ತಾರೆ."

ಸಿಸ್ಟರ್ ಕನ್ನಡಕದ ಮೇಲಿಂದ ಅವರನ್ನು ನೋಡಿದರು. ನಲವತ್ತೆಂಟು ವರ್ಷದ ಪಶುವೈದ್ಯರು ಮೂರನೇ ತರಗತಿಯವರಾದರು.

"ಡಾಕ್ಟರೇ, ಮಕ್ಕಳು ಕ್ಯೂನಲ್ಲಿ ನಿಂತಿದ್ದಾರೆ ಅಲ್ಲಾ? ದೂಡಬಾರದು."

ಇಲ್ಲಿಯೇ ನೋಡಿ ಕಷ್ಟ. ತಪ್ಪನ್ನು ತಪ್ಪೆಂದು ತಿಳಿದಿದ್ದರೆ ಸಿಸ್ಟರ್ ನಿಲ್ಲಿಸುತ್ತಿದ್ದರು. ಅವರಿಗೆ ಇದೇ ಸರಿಯಾದ ಕ್ರಮವೆನಿಸಿತು. ಮಕ್ಕಳು ಸಾಲಾಗಿ ಬರುತ್ತಾರೆ, ಒಬ್ಬೊಬ್ಬರೇ ನಮಸ್ತೆ ಹೇಳುತ್ತಾರೆ, ಗಲಾಟೆಯಿಲ್ಲ. ಮೂವತ್ತೆಂಟು ವರ್ಷ ಅವರು ನಮಗೆ ಕಲಿಸಲು ಹೆಣಗಿದ ಶಿಸ್ತನ್ನು ಕಂಪ್ಯೂಟರ್ ಒಂದೇ ದಿನದಲ್ಲಿ ಕಲಿತಿತ್ತು! ಅವರು ಪ್ರತಿಯೊಂದಕ್ಕೂ ಕೈಮುಗಿದು, ಹೆಸರು ಹೇಳಿ, ಹರಸಿ, ಆಮೇಲೆ ಓಕೆ ಒತ್ತುತ್ತಿದ್ದರು. ಒಂದಕ್ಕೆ ಅರ್ಧ ನಿಮಿಷವೆಂದರೂ ಒಂದೂವರೆ ಗಂಟೆ. ಅಷ್ಟರಲ್ಲಿ ವ್ಯಾನು ಹೊರಟಿರುತ್ತದೆ, ಸಿಸ್ಟರ್ ಒಂದು ಮುಖವನ್ನೂ ನೋಡಿರುವುದಿಲ್ಲ.

ನಲವತ್ತೇಳನೆಯ ನಮಸ್ತೆ ಹೇಳಿದ್ದು ದೀಪಾ. ಆಗ ಗಂಟೆ ಎರಡೂ ಮುಕ್ಕಾಲು. ನಾನು ನಮ್ಮವರಿಗೆ ಕಣ್ಸನ್ನೆ ಮಾಡಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಕಣ್ಸನ್ನೆ ಅವರಿಗೆ ಒಮ್ಮೆಯೂ ಅರ್ಥವಾದದ್ದಿಲ್ಲ. ಅವತ್ತು ಅರ್ಥವಾಯಿತು. ಅವರು ಗಂಭೀರವಾಗಿ ಹೊರಗೆ ಹೋಗಿ ಮೇನ್ ಸ್ವಿಚ್ ಎಳೆದುಬಿಟ್ಟರು.

ಕಂಪ್ಯೂಟರ್ ಆರಿತು. ನಾನು ಕೇಳಿದ್ದು ಅಷ್ಟನ್ನೇ. ಅದರ ಜೊತೆಗೆ ಕೋಣೆಯ ಫ್ಯಾನು ನಿಂತಿತು, ಹಾಲಿನಲ್ಲಿ ಕ್ಯಾಸೆಟ್ಟು ನಿಂತು ಮಕ್ಕಳು ಒಂದು ಕಾಲೆತ್ತಿದ ಭಂಗಿಯಲ್ಲಿಯೇ ಉಳಿದರು, ಅಡುಗೆಮನೆಯಲ್ಲಿ ಚಟ್ನಿ ಅರ್ಧಕ್ಕೆ ನಿಂತಿತು. "ಯಾರದು?" ಎಂದು ಹೆಡ್‌ಮಿಸ್ಟ್ರೆಸ್ ಓಡಿಬಂದರು. ನಮ್ಮವರು ಸ್ವಿಚ್ಚಿನ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ, "ಕರೆಂಟ್ ಹೋಯ್ತು ಮೇಡಂ" ಎಂದರಂತೆ.

ನಾನು ಆಫೀಸಿಗೆ ಓಡಿ ಸುಧಾ ಕೊಟ್ಟಿದ್ದ ಮದುವೆ ಮನೆಯ ನಂಬರಿಗೆ ಫೋನ್ ಮಾಡಿದೆ. ಯಾರೋ ಅವಳನ್ನು ಹುಡುಕಿ ತಂದರು. ಹಿಂದೆ ಓಲಗ ಜೋರಾಗಿತ್ತು.

"ಮಿಸ್, ಪೆಟ್ಟಿಗೆ ನಿಲ್ತಾ ಇಲ್ಲ!"

"ಎಷ್ಟು ಸಲ ಬಂತು ಆಂಟಿ?"

"ನಲವತ್ತೇಳು. ಇನ್ನೂ ನೂರ ಮೂವತ್ತೊಂಬತ್ತು ಬಾಕಿ ಇದೆ."

"ಆಂಟಿ, ಸ್ಕ್ರಿಪ್ಟ್‌ನ ಟೆಂಪ್ಲೇಟ್ ಒಳಗೇ ಬರೆದ್ರಾ?"

"ಕುಂಕುಮ..." ಎಂದು ಶುರು ಮಾಡಿದೆ. ಬಿಟ್ಟೆ. "ಹೂಂ" ಎಂದೆ.

"ಪೆನ್ ತಗೊಳ್ಳಿ. ಟೆಂಪ್ಲೇಟಿಂದ ಸ್ಕ್ರಿಪ್ಟ್ ಪೂರ್ತಿ ಕತ್ತರಿಸಿ ಬೇರೆ ಫೈಲಿಗೆ ಹಾಕಿ. ಒಂದೇ ಸಲ. ಫೋಟೋ ಒತ್ತಿದಾಗ ಮಾತ್ರ ಅದನ್ನ ಕರೀಲಿ. ಕರೆಯೋ ಸಾಲು ಹೇಳ್ತೀನಿ, ಬರ್ಕೊಳ್ಳಿ." ಬರೆದುಕೊಂಡೆ. "ಅರ್ಥ ಆಯ್ತಾ? ಆದ್ರೆ ಆಂಟಿ, ಹೆಸರು ಮಾತ್ರ..."

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಗಡಿಯಾರ ತೋರಿಸಿ ಫೋನಿನ ಗುಂಡಿ ಅದುಮಿದರು. "ಲೈನ್ ಒಂದೇ ಇರೋದು. ನೀವು ಮಾತಾಡ್ತಿದ್ರೆ ಇಂಟರ್ನೆಟ್ ಬರಲ್ಲ."

ಹೆಸರು ಮಾತ್ರ ಏನು? ಹೆಸರು ಮಾತ್ರ ಮರೀಬೇಡಿ ಎಂದಿರಬೇಕು ಎಂದುಕೊಂಡೆ. ನಾನು ಮರೆಯುವವಳೇ? ಮೇನ್ ಸ್ವಿಚ್ ಹಾಕಿಸಿದೆ, ಮಕ್ಕಳು ಎತ್ತಿದ ಕಾಲು ಇಳಿಸಿದರು. ಸ್ಕ್ರಿಪ್ಟಿನ ಜೊತೆ ಹೆಸರಿನ ಸಾಲನ್ನೂ ಜೋಪಾನವಾಗಿ ಕತ್ತರಿಸಿ ಬೇರೆ ಫೈಲಿನಲ್ಲಿ ಇಟ್ಟೆ. ಮೋಡೆಮ್ಮು ಕೀರಲು ದನಿಯಲ್ಲಿ ಕೂಗಿ ಕೂಗಿ ಲೈನ್ ಹಿಡಿಯಿತು. ಫೈಲು ಏರಿಸಿ ಪುಟ ತೆರೆದಾಗ ಮೂರು ಹತ್ತು.

ಬಂತು! ಪೆಟ್ಟಿಗೆಯ ಸುಳಿವಿಲ್ಲ. ಮೇಲಿಂದ ಕೆಳಕ್ಕೆ ಒಂದೊಂದೇ ಸಾಲು ಫೋಟೋಗಳು ಇಳಿಯತೊಡಗಿದವು. ಜಡೆ, ರಿಬ್ಬನ್ನು, ಮುರಿದ ಹಲ್ಲು, ಎಣ್ಣೆ ಹಚ್ಚಿ ಬಾಚಿದ ತಲೆ. ಕೋಣೆಯೆಲ್ಲ "ಅಯ್ಯೋ ನೋಡೇ", "ಇವ್ಳು ನಾನೇ ಕಣೇ" ಎಂಬ ಗದ್ದಲ. ಲಲಿತಾ ನನ್ನ ಭುಜ ಹಿಡಿದು ಅಲುಗಾಡಿಸಿದಳು. ನನಗೆ ಮತ್ತೆ ಬೆಳಗಿನ ನಗು ಬಂತು.

"ಈಗ ಯಾರ ಮೇಲೆ ಬೇಕೋ ಒತ್ತಿ ಸಿಸ್ಟರ್. ಅವರೇ ಹೆಸರು ಹೇಳ್ತಾರೆ."

ಸಿಸ್ಟರ್ ಒಂದು ದುಂಡು ಮುಖದ ಮೇಲೆ ಒತ್ತಿದರು. ಪೆಟ್ಟಿಗೆ ಬಂತು. "ನಮಸ್ತೆ ಸಿಸ್ಟರ್, ನಾನು" ಎಂದಿತ್ತು. ಮುಂದೆ ಒಂದು ಬಾಣದ ಗುರುತು, ಒಂದು ಪ್ರಶ್ನಾರ್ಥಕ ಚಿಹ್ನೆ, "ಪಿಎಚ್‌ಪಿ ಎಕೋ", ಒಂದು ಡಾಲರ್, "ನೇಮ್", ಮತ್ತೊಂದು ಪ್ರಶ್ನಾರ್ಥಕ ಚಿಹ್ನೆ, ಮತ್ತೊಂದು ಬಾಣ.

ಸಿಸ್ಟರ್ ಇನ್ನೊಂದು ಫೋಟೋ ಒತ್ತಿದರು. ಅದೇ. ಡೋಲ್ಮಾಳನ್ನು ಒತ್ತಿದರು. ಅವಳದೂ ಅದೇ ಬಾಣ, ಅದೇ ಡಾಲರು.

"ಒಳ್ಳೇ ನಾಮಕರಣ" ಎಂದರು ನಮ್ಮವರು. "ನೂರ ಎಂಬತ್ತಾರಕ್ಕೂ ಒಂದೇ ತೊಟ್ಟಿಲು, ಒಂದೇ ಹೆಸರು."

ಸಿಸ್ಟರ್ ಕನ್ನಡಕ ಸರಿಮಾಡಿಕೊಂಡರು. "ಇದು ಯಾವ ಭಾಷೆ ಕುಟ್ಟಿ?" ಕುಟ್ಟಿ ಎಂದರೆ ಅವರ ಮಲಯಾಳದಲ್ಲಿ ಮಗು.

"ಪಿಎಚ್‌ಪಿ, ಸಿಸ್ಟರ್. ಕಂಪ್ಯೂಟರ್ ಭಾಷೆ."

"ನಾವು ಅದು ಕಲಿಸಲಿಲ್ಲ" ಎಂದು ಅವರು ನಿಧಾನವಾಗಿ ಹೇಳಿದರು. ತಪ್ಪು ತಮ್ಮದೇ ಎಂಬಂತೆ.

ಆಗ ನನಗೆ ಸುಧಾಳ ಅರ್ಧ ಮಾತಿನ ಉಳಿದರ್ಧ ತಾನಾಗಿ ಹೊಳೆಯಿತು. ಹೆಸರು ಮಾತ್ರ ಟೆಂಪ್ಲೇಟಿನಲ್ಲೇ ಇರಲಿ! ಆ ಬಾಣ ಮತ್ತು ಡಾಲರು ಎಂದರೆ "ಇಲ್ಲಿ ಹೆಸರು ಬಡಿಸಿ" ಎಂದು ಅಡುಗೆಮನೆಗೆ ಬರೆದ ಚೀಟಿ. ಎಲೆಯ ಮೇಲಿದ್ದಾಗ ಅಡುಗೆಯವರು ಓದಿ ಬಡಿಸುತ್ತಿದ್ದರು. ಬೇರೆ ಫೈಲೆಂದರೆ ಮುಚ್ಚಿದ ಉಪ್ಪಿನಕಾಯಿ ಜಾಡಿ. ಅದರೊಳಗೆ ಅವರು ಇಣುಕುವುದಿಲ್ಲ, ಇದ್ದ ಹಾಗೇ ತಂದು ಮುಂದಿಡುತ್ತಾರೆ. ನಾನು ಚೀಟಿಯನ್ನು ಜಾಡಿಯೊಳಗೆ ಹಾಕಿ ಮುಚ್ಚಳ ಬಿಗಿದಿದ್ದೆ. ಬೇರ್ಪಡಿಸಬೇಕಾದಾಗ ಎಲ್ಲವನ್ನೂ ಕಲಸಿದೆ. ಕಲಸಿದ್ದನ್ನು ಬೇರ್ಪಡಿಸುವಾಗ ಇರಬೇಕಾದದ್ದನ್ನೂ ಕಿತ್ತೆ.

ತಿಳಿಯಿತು ಸರಿ. ಆದರೆ ಗಂಟೆ ಮೂರು ಇಪ್ಪತ್ತು, ಹೊರಗೆ ಡ್ರೈವರು ಒಂದು ಸಲ ಹಾರ್ನ್ ಒತ್ತಿದ. ನನಗೆ ಅಳು ಬಂತು. ರೇಷ್ಮೆ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅದರ ನುಸಿಗುಳಿಗೆಯ ಘಾಟಿಗೆ ಇನ್ನಷ್ಟು ನೀರು ಬಂತು.

"ಅಳಬೇಡ ಕುಟ್ಟಿ" ಎಂದರು ಸಿಸ್ಟರ್. "ಹೆಸರು ಹೇಳಲಿಕ್ಕೆ ಪೆಟ್ಟಿಗೆ ಯಾಕೆ? ನಾನು ಹೇಳ್ತೇನೆ."

ಅವರು ಪರದೆಯ ಮೇಲೆ ಬೆರಳಿಟ್ಟರು.

"ಇದು ಲಲಿತಾ. ಗೋಡೆ ಹಾರಿ ಪೇರಲೆ ಕದ್ದವಳು. ಇದು ಶಾಹಿದಾ. ನನ್ನ ಬಿಳಿ ಬಟ್ಟೆ ಮೇಲೆ ಇಂಕು ಚೆಲ್ಲಿ, ತೊಳೆದು ಕೊಡ್ತೇನೆ ಎಂದು ಇನ್ನೂ ದೊಡ್ಡದು ಮಾಡಿದಳು. ಇದು ಡೋಲ್ಮಾ, ಹಾಸ್ಟೆಲಿನಲ್ಲಿ ನಾಯಿಮರಿ ಸಾಕಿದಳು, ಮಂಚದ ಕೆಳಗೆ. ಇದು ಮಾದೇವಿ. ಗಣಿತದ ಪರೀಕ್ಷೆ ದಿನ ಮರ ಹತ್ತಿ ಇಳಿಯಲೇ ಇಲ್ಲ."

ಒಂದೊಂದು ಹೆಸರಿಗೂ ಕೋಣೆಯಲ್ಲಿ ನಗು. ಹೆಸರು ಬಂದವರು ನಾಚಿ ಬಾಯಿಗೆ ಸೆರಗು ಹಿಡಿಯುತ್ತಿದ್ದರು. ನನ್ನ ಎಂಟು ವಾರದ ಕೆಲಸವನ್ನು ಸಿಸ್ಟರ್ ಒಂದು ಬೆರಳಿನಲ್ಲಿ ಮಾಡುತ್ತಿದ್ದರು. ಸಾಲು ಸಾಲಾಗಿ ಬೆರಳು ಇಳಿಯಿತು, ಎಲ್ಲೂ ತಡೆಯಲಿಲ್ಲ. ನಾನೂ ಅಳು ಬಿಟ್ಟು ಕಿವಿಗೊಟ್ಟೆ. ಇಷ್ಟರಲ್ಲಿ ನನ್ನ ಸಾಲು ಬರಬೇಕು. ನನ್ನ ಬಗ್ಗೆ ಏನು ಹೇಳುತ್ತಾರೋ!

ಬೆರಳು ಎರಡು ಜಡೆಯ ಮೇಲೆ ಬಂದು ನಿಂತಿತು. ಇಸ್ತ್ರಿ ಮಾಡಿದ ರಿಬ್ಬನ್ನು. ಸಿಸ್ಟರ್ ಹತ್ತಿರ ಬಾಗಿ ನೋಡಿದರು. ಹಿಂದೆ ಸರಿದು ನೋಡಿದರು.

"ಕುಟ್ಟಿ, ಇದು ಯಾರು?" ಎಂದು ನನ್ನನ್ನೇ ಕೇಳಿದರು.

"ಅದು... ನಾನು, ಸಿಸ್ಟರ್."

"ಓ! ನೀನಾ!" ಸಿಸ್ಟರ್ ನನ್ನ ಮುಖ ನೋಡಿದರು, ಫೋಟೋ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಏನಾದರೂ ಸಿಕ್ಕೀತೇ ಎಂದು ಮೂವತ್ತೆಂಟು ವರ್ಷದ ಕಪಾಟನ್ನೆಲ್ಲ ಹುಡುಕುತ್ತಿದ್ದದ್ದು ಕಾಣುತ್ತಿತ್ತು. ಕೊನೆಗೆ ನನ್ನ ಕೆನ್ನೆ ತಟ್ಟಿದರು. "ನೀನು ತುಂಬ ಒಳ್ಳೆಯ ಹುಡುಗಿ ಇರಬೇಕು."

ಹಾರ್ನ್ ಎರಡನೆಯ ಸಲ ಕೂಗಿತು. ಎಲ್ಲರೂ ಬಾಗಿಲ ಕಡೆ ಹೊರಟರು. ಸೀರೆಗಳ ಸದ್ದಿನಲ್ಲಿ, ಕಾಲಿಗೆ ಬೀಳುವವರ ನೂಕುನುಗ್ಗಲಿನಲ್ಲಿ ನನ್ನ ಹೆಸರು ಹೇಳಲು ಜಾಗವೇ ಸಿಗಲಿಲ್ಲ. ಮಧ್ಯಾಹ್ನದಿಂದ ಸಿಸ್ಟರ್ ನನ್ನನ್ನು ಕುಟ್ಟಿ ಎಂದು ಕರೆಯುತ್ತಿದ್ದಾರೆಂದು ಒಳಗೊಳಗೇ ಉಬ್ಬಿದ್ದೆ. ವ್ಯಾನಿನ ಹತ್ತಿರ ಗೇಟು ತೆಗೆದವನ ಮಗಳಿಗೂ ಅವರು "ಬರ್ತೇನೆ ಕುಟ್ಟಿ" ಎಂದರು.

ವ್ಯಾನು ಹೋದ ಮೇಲೆ ನಮ್ಮವರು ಯಾವುದೋ ಹಸು ಕರು ಹಾಕಲಾರದೆ ಒದ್ದಾಡುತ್ತಿದೆಯೆಂದು ಬೈಕ್ ಹತ್ತಿದರು. ನಾನು ಕಂಪ್ಯೂಟರ್ ಮುಂದೆ ಕೂತು, ಹೆಸರಿನ ಸಾಲನ್ನು ಟೆಂಪ್ಲೇಟಿಗೆ ವಾಪಸ್ ತಂದು, ಸ್ಕ್ರಿಪ್ಟು ಅಲ್ಲಿಂದ ಹೆಸರನ್ನು ಓದಿಕೊಳ್ಳುವ ಹಾಗೆ ಮಾಡಿದೆ. ಬರೀ ಹತ್ತು ನಿಮಿಷದ ಕೆಲಸ! ನನ್ನ ಫೋಟೋ ಒತ್ತಿದೆ. ನಮಸ್ತೆ ಸಿಸ್ಟರ್ ಎಂದು ನನ್ನ ಹೆಸರು ಸರಿಯಾಗಿ ಬಂತು. ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನೇ ಓಕೆ ಒತ್ತಿ, ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಮನೆಗೆ ನಡೆದೆ.

ಆರು ಗಂಟೆಗೆ ಚಿಕ್ಕತಾಯಮ್ಮ ಜಗುಲಿಯ ಮೇಲೆ ಕೂತು ದಂಟಿನ ಸೊಪ್ಪು ಸೋಸುತ್ತಿದ್ದರು. ನನ್ನನ್ನು ಕಂಡು ಸೊಂಟದಿಂದ ಒಂದು ಲಕೋಟೆ ತೆಗೆದು ಕಾಂಪೌಂಡಿನ ಮೇಲೆ ಇಟ್ಟರು.

"ತಕ್ಕವ್ವಾ. ಬಿಳೀ ಸೀರೆ ಅಮ್ಮಾರು ಒಬ್ರು ವ್ಯಾನ್ ನಿಲ್ಸಿ ಇಳುದ್ರು. ಡ್ರೈವರ‍್ರು ಮನೆ ತೋರ‍್ಸಿದ್ನಂತೆ. ಇದ ನಿಂಗೆ ಕೊಡು ಅಂದ್ರು."

ಕೈ ಒರೆಸಿಕೊಂಡು ತೆಗೆದುಕೊಂಡೆ. ಒಳಗೆ ದಪ್ಪ ಕಾಗದದ ಒಂದು ಕಾರ್ಡು ಇರುವುದು ಮುಟ್ಟಿದರೇ ತಿಳಿಯುತ್ತಿತ್ತು. ಲಕೋಟೆಯ ಮೇಲೆ ಸಿಸ್ಟರ್ ಅವರ ಅದೇ ಓರೆ ಅಕ್ಷರ, ಎರಡು ಗೆರೆಗಳ ನಡುವೆ ನಾವು ವರ್ಷಗಟ್ಟಲೆ ತಿದ್ದಿದ್ದು. ಬೆಳಕು ಸಾಲದೆ ಲಕೋಟೆಯನ್ನು ಬೀದಿ ದೀಪದ ಕಡೆ ತಿರುಗಿಸಿದೆ.

ಚಿಕ್ಕತಾಯಮ್ಮ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ನಿನ್ನೆಸ್ರೇನು ಅಂತ ಕೇಳುದ್ರು ಕಣವ್ವಾ, ನಿನ್ನ ಎದ್ರುಗ್ ಕೇಳಕ್ಕೆ ನಾಚ್ಕೆ ಆಯ್ತಂತೆ. ನಂಗೇನ್ ಗೊತ್ತು, ಅನ್ನೊಂದ್ ವರ್ಸದಿಂದ ಆಲ್ ಕೊಡ್ತಿವ್ನಿ ಅಷ್ಟೆಯ. ದನದ್ ಡಾಕ್ಟ್ರ ಎಂಡ್ರು ಅಂದೆ. ಅದ್ನೇ ಎಷ್ಟ್ ಚೆಂದಾಗ್ ಬರ‍್ಕಂಡ್ರು ಅಂತೀಯ, ಪಾಪ."